ಎಲ್ಲಾ ಒಂದೇ ಕಣಯ್ಯ!

ಭಾಷಣಕ್ಕೆ ನಿಂತವರಿಗೆ ಸರಕು ತೀರಿಹೋದಾಗ ಕೈಹಿಡಿದು ಕಾಪಾಡುವ ಮಾತೊಂದಿದೆ: ‘ಎಲ್ಲ ಧರ್ಮಗಳೂ ಹೇಳುವುದು ಒಂದೇ.’ ಸಭೆ ಚಪ್ಪಾಳೆ ತಟ್ಟುತ್ತದೆ. ತಟ್ಟದೆ ಏನು? ಆ ಒಂದು ಮಾತಿನಿಂದ ಸಭಿಕರ ತಲೆಯ ಮೇಲಿನ ಎಷ್ಟು ಹೊರೆ ಇಳಿಯಿತು! ಎಲ್ಲವೂ ಒಂದೇ ಅಂದಮೇಲೆ ಇನ್ನೊಂದನ್ನು ಓದುವ ಗೋಜೇ ಇಲ್ಲ. ಓದದೆ ಬಿಟ್ಟದ್ದರಲ್ಲಿ ತಮ್ಮದೂ ಸೇರಿರುತ್ತದೆ, ಅದು ಬೇರೆ ವಿಚಾರ.

ನಮ್ಮ ಭಾವನವರು ಈ ಪಂಥದ ಪೀಠಾಧಿಪತಿಗಳು. ಕಾಫಿ ಲೋಟ ಕೈಗೆ ಬಂತೆಂದರೆ ಜಗತ್ತಿನ ಸಕಲ ಮತಗಳನ್ನೂ ಒಂದೇ ಗುಟುಕಿಗೆ ಇಳಿಸಿಬಿಡುತ್ತಾರೆ. ಮೊನ್ನೆ ನಾನು ಸುಮ್ಮನಿರಲಾರದೆ, “ಭಾವ, ಜೈನರಲ್ಲಿ ಜಗತ್ತನ್ನ ಸೃಷ್ಟಿ ಮಾಡಿದ ದೇವರು ಅಂತಲೇ ಯಾರೂ ಇಲ್ಲವಲ್ಲ?” ಅಂದೆ.

“ಇಲ್ಲದೆ ಏನಯ್ಯ? ಶ್ರವಣಬೆಳಗೊಳದಲ್ಲಿ ಅಷ್ಟೆತ್ತರಕ್ಕೆ ನಿಂತಿರೋದು ಯಾರು ಮತ್ತೆ?”

“ಯಾರು?”

“ಮಹಾವೀರ!”

ಅಕ್ಕ ಒಳಗಿನಿಂದ, “ಬಾಹುಬಲಿ ಕಣ್ರೀ” ಎಂದಳು. “ಎಲ್ಲಾ ಒಂದೇ” ಎಂದರು ಭಾವ.

ಇದು ಭಾವನೊಬ್ಬರ ಕಥೆಯಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಫೋಟೊ ತೆಗೆಸಿಕೊಂಡು ಇಳಿಯುವ ಎಷ್ಟು ಮಂದಿಗೆ ಬಾಹುಬಲಿ ಇಪ್ಪತ್ನಾಲ್ಕು ತೀರ್ಥಂಕರರಲ್ಲಿ ಒಬ್ಬನಲ್ಲ ಎಂಬುದು ಗೊತ್ತು? ಆತ ಮೊದಲ ತೀರ್ಥಂಕರ ಆದಿನಾಥನ ಮಗ. ಚಾವುಂಡರಾಯ ಹತ್ತನೆಯ ಶತಮಾನದ ಕೊನೆಯಲ್ಲಿ ಈ ವಿಗ್ರಹ ಕಡೆಸಿದ. ಅಂದರೆ ಸಾವಿರ ವರ್ಷಕ್ಕೂ ಮಿಕ್ಕಿ ನಮ್ಮ ಪಕ್ಕದಲ್ಲೇ ನಿಂತಿದ್ದಾನೆ. ನಾವಿನ್ನೂ ಹೆಸರು ವಿಚಾರಿಸುವ ಹಂತದಲ್ಲಿದ್ದೇವೆ. ಮಹಾವೀರನೇ ಜೈನಧರ್ಮದ ಸ್ಥಾಪಕ ಎಂದು ಪರೀಕ್ಷೆಯಲ್ಲಿ ಬರೆದು ಒಂದು ಅಂಕ ಗಿಟ್ಟಿಸಿದವರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಜೈನರ ಲೆಕ್ಕದಲ್ಲಿ ಆತ ಇಪ್ಪತ್ನಾಲ್ಕನೆಯವನು, ಕೊನೆಯವನು.

ಬೈಲುಕುಪ್ಪೆಗೆ ಬನ್ನಿ. ಊರೆಲ್ಲ ‘ಗೋಲ್ಡನ್ ಟೆಂಪಲ್’ ಎನ್ನುವ ನಾಮ್‌ಡ್ರೋಲಿಂಗ್ ಮಠದಲ್ಲಿ ಚಿನ್ನದ ಬಣ್ಣದ ಮೂರು ಮಹಾಮೂರ್ತಿಗಳಿವೆ: ಪದ್ಮಸಂಭವ, ಶಾಕ್ಯಮುನಿ ಬುದ್ಧ, ಅಮಿತಾಯುಸ್. ಬಸ್ಸಿನಿಂದ ಇಳಿದವರ ತೀರ್ಪು: ದೊಡ್ಡ ಬುದ್ಧ, ಆ ಕಡೆ ಒಂದು ಬುದ್ಧ, ಈ ಕಡೆ ಒಂದು ಬುದ್ಧ. ಆಮೇಲೆ ಮೊಮೊ. ಮೊಮೊ ವಿಷಯದಲ್ಲಿ ಮಾತ್ರ ನಮ್ಮ ಜನರ ಪಾಂಡಿತ್ಯ ಆಳವಾದದ್ದು. ಬೇಯಿಸಿದ್ದು, ಕರಿದದ್ದು, ಚಟ್ನಿಯ ಖಾರದ ತಾರತಮ್ಯ, ಎಲ್ಲ ಬಲ್ಲರು. ರಂಜಾನಿನಲ್ಲಿ ಯಾವ ಬೀದಿಯ ಹಲೀಮ್ ಚೆನ್ನ ಎಂದು ಹೇಳಬಲ್ಲವರೇ ಕುರಾನಿನಲ್ಲಿ ಏಸುವಿನ ತಾಯಿ ಮರಿಯಮ್ಮನ ಹೆಸರಿನದೇ ಒಂದು ಅಧ್ಯಾಯವಿದೆ ಎಂದರೆ, “ಹೋಗ್ರೀ, ತಮಾಷೆ ಮಾಡಬೇಡಿ” ಎನ್ನುತ್ತಾರೆ.

ಸರ್ದಾರ್‌ಜೀ ಜೋಕುಗಳಂತೂ ಕಂಠಪಾಠ. ಆದರೆ 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದು ನಿಂತ ಐವರಲ್ಲಿ, ಸಿಖ್ಖರು ಪಂಜ್ ಪ್ಯಾರೇ ಎಂದು ದಿನವೂ ನೆನೆಯುವ ಆ ಐವರಲ್ಲಿ, ಒಬ್ಬರು ನಮ್ಮ ಬೀದರಿನವರು. ಭಾಯಿ ಸಾಹಿಬ್ ಸಿಂಗ್, ಕ್ಷೌರಿಕರ ಮನೆಯವರು. ಪಂಜಾಬಿನಿಂದ ಬೀದರಿಗೆ ಯಾತ್ರೆ ಬರುವವರಿಗೆ ಇದು ಗೊತ್ತು. ಮಂಡ್ಯ ಹಾಸನದವರಿಗೆ ಗೊತ್ತಿಲ್ಲ. ಮುಂಡಾಸು ಗಡ್ಡ ನೋಡಿ ಧರ್ಮ ನಿರ್ಣಯಿಸುವ ಚಟ ಎಲ್ಲ ಕಡೆಯೂ ನಗೆಯಲ್ಲೇ ಮುಗಿಯುವುದಿಲ್ಲ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕಿನ ಸಿಖ್ ಮಾಲೀಕರೊಬ್ಬರನ್ನು ಮುಸ್ಲಿಮರೆಂದುಕೊಂಡು ಗುಂಡಿಟ್ಟು ಕೊಂದರು. ಮುಸ್ಲಿಮರೇ ಆಗಿದ್ದರೆ ಸರಿಹೋಗುತ್ತಿತ್ತೇ ಎಂದು ಕೇಳಬೇಡಿ, ಅಂಥ ಬಂದೂಕಿಗೆ ಕಿವಿಯಿರುವುದಿಲ್ಲ.

ಆ ಅಮೆರಿಕದವರಿಗೇ ಪ್ಯೂ ಸಂಶೋಧನಾ ಕೇಂದ್ರ 2010ರಲ್ಲಿ ಪರೀಕ್ಷೆ ಇಟ್ಟಿತ್ತು. 3,412 ಜನ, 32 ಪ್ರಶ್ನೆ, ಸರಾಸರಿ ಅಂಕ 16. ಪ್ರಾಟೆಸ್ಟೆಂಟರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಮ್ಮ ಪಂಥಕ್ಕೆ ಕಾರಣನಾದ ಮಾರ್ಟಿನ್ ಲೂಥರ್ ಯಾರೆಂದು ಗುರುತೇ ಸಿಗಲಿಲ್ಲ. ಚರ್ಚಿನ ಪ್ರಸಾದದ ರೊಟ್ಟಿ ದ್ರಾಕ್ಷಾರಸಗಳು ನಿಜವಾಗಿಯೇ ಕ್ರಿಸ್ತನ ಶರೀರ ರಕ್ತಗಳಾಗುತ್ತವೆ ಎಂಬುದು ತಮ್ಮ ಚರ್ಚಿನ ಬೋಧೆಯೆಂದು ಶೇ. 45 ಕ್ಯಾಥೊಲಿಕರಿಗೆ ತಿಳಿದಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಕ ತೆಗೆದವರು ಯಾರು ಗೊತ್ತೆ? ದೇವರಿಲ್ಲ ಎನ್ನುವವರು ಮತ್ತು ಇದ್ದಾನೋ ಇಲ್ಲವೋ ಹೇಳಲಾಗದು ಎನ್ನುವವರು: 20.9. ನನಗೇನೂ ಆಶ್ಚರ್ಯವಾಗಲಿಲ್ಲ. ಮನೆಯಲ್ಲಿ ಹಾಯಾಗಿ ಮಲಗಿದವನಿಗಿಂತ ಜಗಳವಾಡಿ ಹೊರನಡೆದ ದಾಯಾದಿಗೇ ಪಹಣಿಯ ಸರ್ವೆ ನಂಬರು ಬಾಯಲ್ಲಿರುತ್ತದೆ.

ನಮ್ಮವರು ಈ ಪರೀಕ್ಷೆಗೆ ಕೂತರೆ? ಡಲ್ಲಾಸಿನಲ್ಲಿರುವ ನಮ್ಮ ಹುಡುಗನೊಬ್ಬನಿಗೆ ಆಫೀಸಿನವರು, “ನೀವು ಗಣೇಶನನ್ನು ಪೂಜಿಸಿ ಆಮೇಲೆ ನೀರಿಗೆ ಯಾಕೆ ಬಿಡುತ್ತೀರಿ?” ಎಂದು ಕೇಳಿದರಂತೆ. ಅವನು ಅಮ್ಮನಿಗೆ ಫೋನು ಮಾಡಿದ. ಅಮ್ಮ, “ಹಾಗೆಲ್ಲ ಕೇಳಬಾರದು, ಕೆನ್ನೆ ಬಡ್ಕೋ” ಎಂದರು. ಆ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಗೆ ಒಪ್ಪಿಸಿದನೋ ಕಾಣೆ.

ಆದರೂ ಪ್ರಶ್ನೆಪತ್ರಿಕೆಗೆ ಸಿಗದ ತಿಳಿವಳಿಕೆಯೂ ಒಂದಿದೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದ ಊರುಗಳಲ್ಲೂ ಮೊಹರಮ್ಮಿಗೆ ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಕೂಡಿಸುತ್ತಾರೆ, ಕರ್ಬಲಾದ ಕಥೆಯನ್ನು ರಿವಾಯತ್ ಪದ ಕಟ್ಟಿ ರಾತ್ರಿಯಿಡೀ ಹಾಡುತ್ತಾರೆ. ಹಾಡುವ ಗೌಡರಿಗೆ ಶಿಯಾ ಸುನ್ನಿ ಭೇದ ಕೇಳಿದರೆ ನಿಮ್ಮ ಮುಖ ನೋಡಿಯಾರು. ಹಸನ್ ಹುಸೇನರು ಮಾತ್ರ ಅವರಿಗೆ ಮನೆಮಕ್ಕಳು. ಅವರಿಗೆ ನೂರಕ್ಕೆ ಎಷ್ಟು ಕೊಡುತ್ತೀರಿ? ಇತ್ತ ಪಟ್ಟಣದ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ, ಹುಸೇನರು ಹತರಾದ ಅದೇ ದಿನ, ಬೆಳ್ಳಂಬೆಳಗ್ಗೆ ಹೂಗುಚ್ಛದ ಚಿತ್ರದ ಜೊತೆ ‘ಹ್ಯಾಪಿ ಮೊಹರಂ’. ಏಸುವನ್ನು ಶಿಲುಬೆಗೇರಿಸಿದ ದಿನಕ್ಕೆ ‘ಹ್ಯಾಪಿ ಗುಡ್ ಫ್ರೈಡೇ’.

ಈ ಗುಡ್ ಫ್ರೈಡೇ ವರ್ಷ ವರ್ಷ ಅಲ್ಲಾಡುವುದೇಕೆ ಎಂದು ಭಾವನವರಿಗೂ ಬಹುಕಾಲದಿಂದ ಸಂಶಯ. ನಾನು ವಿವರಿಸಿದೆ: ಮಾರ್ಚ್ 21ರಂದು ಅಥವಾ ಅದರ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯುತ್ತಾರೆ, ಅದರ ಮುಂದಿನ ಭಾನುವಾರ ಈಸ್ಟರ್, ಅದಕ್ಕೆ ಹಿಂದಿನ ಶುಕ್ರವಾರ ಗುಡ್ ಫ್ರೈಡೇ. ಭಾವ ನೆಟ್ಟಗೆ ಕೂತರು. “ಹುಣ್ಣಿಮೆ ನೋಡ್ತಾರಾ!” ಹುರುಪಿನಿಂದ ಮುಂದುವರಿದೆ. ಮುಸ್ಲಿಮರದು ಬರೀ ಚಂದ್ರನ ಲೆಕ್ಕ, ಅಧಿಕ ಮಾಸ ಸೇರಿಸುವುದಿಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಸುಮಾರು ಮೂವತ್ತಮೂರು ವರ್ಷಕ್ಕೆ ಬೇಸಿಗೆ, ಮಳೆ, ಚಳಿ ಎಲ್ಲ ಸುತ್ತಿ ಬರುತ್ತದೆ. ಯೆಹೂದಿಗಳು ಮಾತ್ರ ನಮ್ಮ ಹಾಗೆ. ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಒಂದು ತಿಂಗಳು ಹೆಚ್ಚಿಗೆ ಹಾಕಿಕೊಳ್ಳುತ್ತಾರೆ.

ಭಾವ ಲೋಟ ಕೆಳಗಿಟ್ಟರು. ಅವರ ಮುಖದಲ್ಲಿ ಅಂಥ ಜಿಜ್ಞಾಸೆಯನ್ನು ನಾನು ಕಂಡೇ ಇರಲಿಲ್ಲ.

“ಅಂದರೆ ಅವರಲ್ಲೂ ಅಧಿಕ ಮಾಸಕ್ಕೆ ಅಳಿಯನಿಗೆ ಮೂವತ್ತಮೂರು ಹೋಳಿಗೆ ಕೊಡ್ತಾರೇನಯ್ಯ?”

ಇಲ್ಲವೇನೋ ಎಂದೆ.

“ವಿಚಾರಿಸು. ಕೊಡೋದಾದರೆ ಲೆಕ್ಕ ಸರಿಯಾಗಿ ಕೊಡ್ತಾರಾ ಅಂತಲೂ ವಿಚಾರಿಸು. ನಿಮ್ಮಮ್ಮ ಕಳೆದ ಸಲ ಮೂವತ್ತೇ ಇಟ್ಟಿದ್ದು.”