ಡಾಂಗೊ: ಒಂದು ಗೋಲೀಯ ಸಂಕಥನ

1. ಪ್ರಸ್ತಾವನೆ

ಜಪಾನಿನ ಡಾಂಗೊ ಎಂದರೆ ಅಕ್ಕಿಹಿಟ್ಟು ಕಲಸಿ, ಉಂಡೆ ಕಟ್ಟಿ, ಕುದಿನೀರಲ್ಲಿ ಬೇಯಿಸಿದ ತಿಂಡಿ ಎಂದು ಪಾಮರರು ನಂಬಿದ್ದಾರೆ. ಪ್ರಸ್ತುತ ಪ್ರಬಂಧವು ಈ ಮುಗ್ಧ ನಂಬಿಕೆಯನ್ನು ನಿರಚನೆಗೊಳಪಡಿಸಿ, ಡಾಂಗೊವನ್ನು ಗೋಲೀಯ ಪಠ್ಯವಾಗಿ ಓದಲು ಹವಣಿಸುತ್ತದೆ. ತಿನ್ನುವುದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

2. ವರ್ಗೀಕರಣ

ಡಾಂಗೊಗಳಲ್ಲಿ ಹಲವು ಬಗೆ.

(ಅ) ಮಿತರಶಿ: ಬೇಯಿಸಿ, ಕಡ್ಡಿಗೆ ಪೋಣಿಸಿ, ಕೆಂಡದ ಮೇಲೆ ಸುಟ್ಟು, ಸೋಯಾ ಸಾಸು-ಸಕ್ಕರೆಯ ಪಾಕ ಬಳಿದದ್ದು. ಕ್ಯೋಟೊದ ಶಿಮೊಗಾಮೊ ದೇಗುಲದ ಹಬ್ಬದಿಂದ ಬಂದ ಹೆಸರು. ಅಲ್ಲಿ ಕಡ್ಡಿಗೆ ಐದು ಉಂಡೆ, ಟೋಕಿಯೊ ಕಡೆ ನಾಲ್ಕೇ. 1768ರಲ್ಲಿ ನಾಲ್ಕು ಮೊನ್ (ಆಗಿನ ಜಪಾನಿನ ಹಣ) ಬೆಲೆಯ ನಾಣ್ಯ ಬಂತು. ಐದು ಮೊನ್ನಿನ ಕಡ್ಡಿಯನ್ನು ಗಿರಾಕಿಗಳು ಒಂದೇ ನಾಣ್ಯ ಎಸೆದು ಎತ್ತಿಕೊಂಡು ಹೋಗತೊಡಗಿದರು. ಅದಕ್ಕೇ ಟೋಕಿಯೊ ಕಡೆಯ ಅಂಗಡಿಯವರು ಒಂದು ಉಂಡೆಗೆ ಕತ್ತರಿ ಹಾಕಿದರು ಎಂಬ ಕಥೆಯಿದೆ. ಆ ಕಾಣೆಯಾದ ಉಂಡೆಯನ್ನು ನಾವು ‘ಅನುಪಸ್ಥಿತಿಯ ಯಜಮಾನಿಕೆ’ ಎಂದು ಗುರುತಿಸುತ್ತೇವೆ.

(ಆ) ಹನಾಮಿ: ಗುಲಾಬಿ, ಬಿಳಿ, ಹಸಿರು. ಚೆರ್ರಿ ಹೂವಿನ ಕಾಲದ್ದು.

(ಇ) ತ್ಸುಕಿಮಿ: ಶರತ್ಕಾಲದ ಚಂದ್ರನಿಗೆ 15 ಉಂಡೆಗಳ ಗೋಪುರ.

(ಈ) ಉಳಿದ ಬಗೆಗಳನ್ನು ಓದುಗರೇ ಊಹಿಸಿಕೊಳ್ಳತಕ್ಕದ್ದು.

3. ವಿಧಾನಶಾಸ್ತ್ರ

ಜೋಶಿನ್‌ಕೊ ಎಂದರೆ ಮಾಮೂಲಿ ಅಕ್ಕಿಯ ಹಿಟ್ಟು. ಶಿರಾತಮಾಕೊ ಎಂದರೆ ಅಂಟಕ್ಕಿಯದು. ಎರಡನ್ನೂ ಸಮಸಮ ಬೆರೆಸಿ, ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕುತ್ತ ನಾದಬೇಕು. ಎಲ್ಲಿಯವರೆಗೆ? ಕಿವಿಹಾಲೆಯಷ್ಟು ಮೆತ್ತಗಾಗುವವರೆಗೆ. ಇದು ಜಪಾನಿನ ಅಡುಗೆಮನೆಗಳ ಮಾಮೂಲಿ ಅಳತೆ. ನಮ್ಮ ಪರಿಭಾಷೆಯಲ್ಲಿ: ಸ್ಪರ್ಶಮೂಲ ಜ್ಞಾನಮೀಮಾಂಸೆಯ ಶರೀರಕೇಂದ್ರಿತ, ಪ್ರಭುತ್ವವಿರೋಧಿ ಮಾನದಂಡ.

ಸಾಕು ಮಾರಾಯರೇ. ಈ ಭಾಷೆಯನ್ನು ನಾನು ಕಟ್ಟಿದ್ದಲ್ಲ, ಕೂತು ಕೇಳಿದ್ದು. ಆಹಾರ ಸಂಸ್ಕೃತಿಯ ಗೋಷ್ಠಿಯೊಂದರಲ್ಲಿ ಗಂಟೆ ಮೂರಾದರೂ ಊಟಕ್ಕೆ ಬಿಡದೆ ‘ಹಸಿವಿನ ರಾಜಕಾರಣ’ ಕೊರೆದರು. ಹೊರಗೆ ಅಡುಗೆಯವರು ಅನ್ನದ ಹಂಡೆ ಮುಚ್ಚಿಕೊಂಡು ನಿಂತೇ ಇದ್ದರು. ಅವರನ್ನು ಒಳಗೆ ಕರೆದು ಒಂದು ಮಾತು ಕೇಳಬೇಕೆಂದು ಒಬ್ಬ ವಿದ್ವಾಂಸರಿಗೂ ಹೊಳೆಯಲಿಲ್ಲ. ಹಿಟ್ಟು ಮೆತ್ತಿದ ಬೆರಳಿನ ಜ್ಞಾನಕ್ಕೆ ಇವರು ಹೆಸರಿಡುತ್ತಾರೆ, ಆ ಬೆರಳಿಗೆ ಮಾತ್ರ ಕುರ್ಚಿ ಕೊಡುವುದಿಲ್ಲ.

ಇನ್ನು ಕುದಿನೀರಿಗೆ ಬಿಟ್ಟ ಉಂಡೆ ಮೊದಲು ತಳ ಸೇರುತ್ತದೆ, ಆಮೇಲೆ ತೇಲುತ್ತದೆ. ತೇಲಿದ ಮೇಲೂ ಒಂದೆರಡು ನಿಮಿಷ ಬಿಟ್ಟು, ಸೋಸಿ ತಣ್ಣೀರಿಗೆ ಹಾಕಬೇಕು. ಆಗ ಮೈ ನುಣುಪಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಇದಕ್ಕೆ ಸಿದ್ಧಾಂತ ಬೇಡ, ಜಾಲರಿ ಸೌಟು ಬೇಕು.

4. ಉಪಸಂಹಾರ

ಬೆಂದ ಅಕ್ಕಿಯ ಪಿಷ್ಟ ಆರುತ್ತ ಬಿಗಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಹಾಗಾಗಿ ಡಾಂಗೊ ಅಂದು ಮಾಡಿ ಅಂದೇ ತಿನ್ನುವಂಥದ್ದು, ದಾಸ್ತಾನಿಗೆ ಒಗ್ಗದ್ದು. ವರ್ಷವರ್ಷವೂ ಯಾರಾದರೂ ಮತ್ತೆ ನಾದಿದರೆ ಮಾತ್ರ ಆ ಹದ ಉಳಿಯುತ್ತದೆ. ನಾದುವವರ ಪಕ್ಕದಲ್ಲಿ ನಿಂತು ಕಲಿಯುವವರು ಕಡಿಮೆಯಾಗಿ, ಅವರ ಮೇಲೆ ಪ್ರಬಂಧ ಮಂಡಿಸುವವರು ಹೆಚ್ಚಾದರೆ, ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಪ್ರಬಂಧವೇ. ಅದನ್ನು ಯಾವ ಪಾಕದಲ್ಲಿ ಅದ್ದಿದರೂ ತಿನ್ನಲಾಗುವುದಿಲ್ಲ.