ಸ್ಟೂಲು ಹತ್ತಿ ಕಮ್ ಅಕ್ರಾಸ್

ಮೊನ್ನೆ ಭಾನುವಾರ ಇನ್ನೂ ಬೆಳಕು ಹರಿದಿರಲಿಲ್ಲ. ಎಡಿಸನ್ನಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಧಬ್ ಅಂತ ಸದ್ದಾಯಿತು. ಓಡಿ ಹೋಗಿ ಲೈಟು ಹಾಕಿದರೆ, ಪಂಚೆ ಎತ್ತಿ ಕಟ್ಟಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಾರೆ ಅಪ್ಪ! ನೆಲದ ತುಂಬ ಓಟ್ಸು. ಅಪ್ಪನ ಬಲಗೆನ್ನೆ ಮಾತ್ರ ಊದಿಕೊಂಡಿತ್ತು. ಪಾಪ, ಹಲ್ಲುನೋವಿರಬೇಕು ಅಂದುಕೊಂಡೆ. ಅಷ್ಟರಲ್ಲಿ ತುಪ್ಪದ ಘಮ ಮೂಗಿಗೆ ಬಡಿಯಿತು.

ಮೈಸೂರು ಪಾಕು. ಸಯ್ಯಾಜಿ ರಾವ್ ರಸ್ತೆಯಲ್ಲಿ ಕೊಂಡು, ಸೀರೆಯೊಳಗೆ ಸುತ್ತಿ, ನ್ಯೂಜೆರ್ಸಿಯವರೆಗೆ ತಂದವಳು ಅಮ್ಮ. ಸಕ್ಕರೆ ಕಾಯಿಲೆಯ ಅಪ್ಪನ ಕಣ್ಣಿಗೆ ಬೀಳದಂತೆ ಅದನ್ನು ಫ್ರಿಜ್ಜಿನ ಮೇಲೆ ಓಟ್ಸು, ಕಾರ್ನ್‌ಫ್ಲೇಕ್ಸು, ರಾಗಿಹಿಟ್ಟಿನ ಡಬ್ಬಗಳ ಹಿಂದೆ ಬಚ್ಚಿಟ್ಟವಳೂ ಅವಳೇ.

"ಏನ್ರೀ ಇದು?" ಅಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು: "ಐ ಜಸ್ಟ್ ಕೇಮ್ ಅಕ್ರಾಸ್ ಇಟ್."

ಶುರುವಾಯಿತು ನೋಡಿ. ಹುಡುಕಿದರೆ ಅದು ಲುಕ್ ಫಾರ್ ಅಂತೆ. ಹುಡುಕದೇ ತಾನಾಗಿ ಎದುರಾದರೆ ಮಾತ್ರ ಕಮ್ ಅಕ್ರಾಸ್. ರನ್ ಅಕ್ರಾಸ್, ಚಾನ್ಸ್ ಅಪಾನ್, ಸ್ಟಂಬಲ್ ಅಪಾನ್, ಎಲ್ಲದರ ಅರ್ಥವೂ ಹೆಚ್ಚುಕಡಿಮೆ ಅದೇ. ಅದರಲ್ಲಿ ಉದ್ದೇಶ ಇಲ್ಲ. ಉದ್ದೇಶ ಇಲ್ಲದಲ್ಲಿ ಕಳ್ಳತನ ಎಲ್ಲಿಂದ ಬಂತು?

"ಸ್ಟಂಬಲ್ ಅಂದ್ರೆ ಎಡವೋದು. ಫ್ರಿಜ್ಜಿನ ಮೇಲಿರೋದಕ್ಕೆ ಯಾರಾದ್ರೂ ಎಡವ್ತಾರೇನ್ರೀ?" ಅಂದಳು ಅಮ್ಮ.

ಅಪ್ಪ ಜಗ್ಗಲಿಲ್ಲ. ಹೊರೇಸ್ ವಾಲ್ಪೋಲನನ್ನು ಕರೆತಂದರು. ಹುಡುಕದೇ ಒಳ್ಳೆಯದು ಸಿಗುವುದಕ್ಕೆ 1754ರಲ್ಲಿ ಆತ ಸೆರೆಂಡಿಪಿಟಿ ಅಂತ ಹೆಸರಿಟ್ಟನಂತೆ. ಸೆರೆಂಡಿಪ್ ಅಂದರೆ ಹಳೆಯ ಕಾಲದ ಲಂಕೆ, ಅಲ್ಲಿನ ಮೂವರು ರಾಜಕುಮಾರರ ಕಥೆಯಿಂದ ಬಂದ ಪದ...

"ಲಂಕೆ ಕಥೆ ನನಗೆ ಹೇಳ್ಬೇಡಿ. ಅಲ್ಲಿ ಕದ್ದೋನು ಯಾರು, ಏನಾದ ಅಂತ ಗೊತ್ತಿದೆ."

ನಾನು ಒಲೆಗೆ ಆತುಕೊಂಡು ನಕ್ಕೆ. ನಗುತ್ತಲೇ ಒಂದು ಅನುಮಾನ ಕಾಡಿತು. ಅಪ್ಪ ಇಂಗ್ಲಿಷಿನ ಮೊರೆ ಹೋಗಿದ್ದೇ ದಂಡ. ಕಳ್ಳನ ಪರ ವಾದಿಸಲು ಕನ್ನಡಕ್ಕಿಂತ ಒಳ್ಳೆಯ ವಕೀಲ ಸಿಗುವುದು ಕಷ್ಟ. "ನನಗೆ ಸಿಕ್ತು" ಅಂದರೆ ಸಾಕು, ಸಿಕ್ಕ ಕೆಲಸವೆಲ್ಲ ಮೈಸೂರು ಪಾಕಿನದು, ಅಪ್ಪ ಬರೀ ವಿಳಾಸ. "ಕಣ್ಣಿಗೆ ಬಿತ್ತು" ಅಂದರೆ ಇನ್ನೂ ಮೇಲು. ಬಿದ್ದದ್ದು ಅದು, ಕಣ್ಣು ಸುಮ್ಮನೆ ಕೆಳಗಿತ್ತು. ನಮ್ಮ ಮನೆಗಳಲ್ಲಿ ಯಾರೂ ಲೋಟ ಒಡೆಯುವುದಿಲ್ಲ, ಲೋಟವೇ ಒಡೆದುಹೋಗುತ್ತದೆ. ಕೀ ಕಳೆಯುವುದಿಲ್ಲ, ಅದೇ ಕಳೆದುಹೋಗುತ್ತದೆ. ಇಂಥ ಭಾಷೆ ಕೈಯಲ್ಲಿದ್ದೂ ಈ ಮನುಷ್ಯ ಫ್ರೇಸಲ್ ವರ್ಬಿಗೆ ಜೋತುಬಿದ್ದರಲ್ಲ!

ಗಲಾಟೆಗೆ ಮಗಳು ಕಣ್ಣುಜ್ಜುತ್ತ ಬಂದಳು. ಐದನೇ ಕ್ಲಾಸು. ಆ ವಾರದ ಹೋಮ್‌ವರ್ಕೂ, ಗ್ರಹಚಾರಕ್ಕೆ, ಫ್ರೇಸಲ್ ವರ್ಬುಗಳೇ. ಸ್ಟೂಲು ನೋಡಿದಳು, ಡಬ್ಬ ನೋಡಿದಳು, ತಾತನ ಮೀಸೆಯಲ್ಲಿದ್ದ ಹಳದಿ ಪುಡಿ ನೋಡಿದಳು.

"ತಾತಾ, ಸ್ಟೂಲ್ ಹತ್ತಿ ಕಮ್ ಅಕ್ರಾಸ್ ಮಾಡಕ್ಕಾಗಲ್ಲ. ದಿಸ್ ಈಸ್ ಟ್ರ್ಯಾಕ್ ಡೌನ್."

ಶಿಷ್ಯರು ಯಾರೂ ಹೀಗೆ ತಿದ್ದಿರಲಿಲ್ಲವೇನೋ, ಅಪ್ಪ ಸ್ಟೂಲಿನಿಂದ ಇಳಿದರು. ಇಳಿಯುವಾಗಲೂ ಪಾಠ ಬಿಡಲಿಲ್ಲ: "ಪುಟ್ಟಿ, ಲುಕ್ ಇಟ್ ಅಪ್ ಅನ್ನಬಹುದು, ಆದರೆ ಕಮ್ ಇಟ್ ಅಕ್ರಾಸ್ ಅನ್ನೋ ಹಾಗಿಲ್ಲ. ಕಮ್ಮನ್ನೂ ಅಕ್ರಾಸನ್ನೂ ಬೇರೆ ಮಾಡಬಾರದು."

"ನಿಮ್ಮನ್ನೂ ಡಬ್ಬಾನೂ ಮಾಡಬಹುದು," ಅಂತ ಅಮ್ಮ ಡಬ್ಬ ಕಿತ್ತುಕೊಂಡಳು.

ಅವರೆಲ್ಲ ಮಲಗಲು ಹೋದ ಮೇಲೆ ಓಟ್ಸು ಗುಡಿಸಿ, ಆ ಡಬ್ಬ ತೆರೆದೆ. (ನನಗೂ ಸಿಕ್ತು ಅಂದುಕೊಳ್ಳಿ.) ಒಂದು ತುಂಡೂ ಇಡಿಯಾಗಿರಲಿಲ್ಲ. ಎಲ್ಲವನ್ನೂ ಅಮ್ಮ ಹೆಬ್ಬೆರಳ ಉಗುರಿನಷ್ಟು ಸಣ್ಣದಾಗಿ, ನೀಟಾಗಿ ಕತ್ತರಿಸಿಟ್ಟಿದ್ದಳು. ತಾನು ಸಿಹಿ ಮುಟ್ಟುವವಳಲ್ಲ, ಮಗಳಿಗೆ ಪೀಟ್ಸಾ ಸಾಕು. ಮತ್ತೆ ಕತ್ತರಿಸಿದ್ದು ಯಾರಿಗೆ? ಬೆಳಿಗ್ಗೆ ಕೇಳಿದೆ. "ಡಬ್ಬದಲ್ಲಿ ಹಿಡಿಸ್ಲಿಲ್ಲ, ಅದಕ್ಕೆ," ಅಂತ ಸಾರಿಗೆ ಒಗ್ಗರಣೆ ಹಾಕಲು ತಿರುಗಿದಳು. ಡಬ್ಬ ಅರ್ಧ ಖಾಲಿಯಿತ್ತು.

ಮಗಳು ಹೋಮ್‌ವರ್ಕಿನಲ್ಲಿ ಬರೆದ ಕೊನೆಯ ವಾಕ್ಯ: "ಮೈ ಗ್ರ್ಯಾಂಡ್‌ಫಾದರ್ ಕಮ್ಸ್ ಅಕ್ರಾಸ್ ಆ್ಯಸ್ ಇನ್ನೊಸೆಂಟ್." ನೋಡುವವರಿಗೆ ಸಾಧುವಾಗಿ ಕಾಣುತ್ತಾರೆ ಅಂತ. ಟೀಚರು ಪಕ್ಕದಲ್ಲಿ ನಕ್ಷತ್ರ ಹಾಕಿದ್ದಾರೆ. ಅಪ್ಪ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ, ತಮಗೆ ಕ್ಲೀನ್ ಚಿಟ್ ಸಿಕ್ಕಿದೆ ಅನ್ನುವ ಹಾಗೆ.

ಊರಿಂದ ಈ ಕಡೆ ಬರುವವರಲ್ಲಿ ಒಂದು ಕೋರಿಕೆ: ದಯವಿಟ್ಟು ಚಕ್ಕುಲಿ ತನ್ನಿ.