ಸಂಪಮ್ಮನವರ ಜೊತೆ ಒಂದಿಷ್ಟು ಹೊತ್ತು

ಬೆಂಗಳೂರಿನ ಅಂಚಿನಲ್ಲಿ, 2007ರಲ್ಲಿ ನಗರದ ಹೊಟ್ಟೆಗೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ, ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇವರ ವಾಸ. ಉದ್ದ 10 ಮೀಟರ್, ಅಗಲ 6 ಮೀಟರ್. ಬ್ರೋಷರಿನಲ್ಲಿ ಈಜುಕೊಳಕ್ಕೆ ಎರಡು ಪುಟ ಕೊಟ್ಟಿದ್ದರು. ನೀರಿನ ಸಂಪಿಗೆ ಒಂದು ಸಾಲೂ ಇಲ್ಲ. ಆ ಕೋಪ ಇನ್ನೂ ಇಳಿದಿಲ್ಲ.

ಹೇಗಿದ್ದೀರಿ?

ಅರ್ಧ ಇದ್ದೇನೆ. ತುಂಬಿದ್ದದ್ದು ಮಾಡೆಲ್ ಫ್ಲ್ಯಾಟ್ ತೋರಿಸುತ್ತಿದ್ದ ಕಾಲದಲ್ಲಿ.

ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲೇ ಉದ್ಘಾಟನೆ ಆಯಿತಲ್ಲ? ದಿನಕ್ಕೆ 775 ದಶಲಕ್ಷ ಲೀಟರ್ ಅಂದರು.

ರಸ್ತೆ ತನಕ ಬಂದಿದ್ದಾಳೆ. ಗೇಟು ದಾಟಬೇಕಾದರೆ ಒಸಿ, ಅಂದರೆ ಸ್ವಾಧೀನಾನುಭವ ಪತ್ರ, ತೋರಿಸಿ ಅನ್ನುತ್ತಾರೆ. ನಕ್ಷೆಯಲ್ಲಿ ಏಳು ಮಹಡಿ, ತಲೆಯೆತ್ತಿ ಎಣಿಸಿದರೆ ಒಂಬತ್ತು. ಒಸಿ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಆ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇರೆ, ಒಸಿ ನೋಡದೆ ನೀರು, ಕರೆಂಟು ಕೊಡಬೇಡಿ ಅಂದಿತು.

ಪಾಪ, ಕೊಂಡವರಿಗೆ ಗೊತ್ತಿರಲಿಲ್ಲವೇನೋ.

ಗೊತ್ತಿತ್ತು ಸ್ವಾಮಿ, ಅದನ್ನೇ ಹೇಳಿ ಚದರಡಿಗೆ ಇನ್ನೂರು ರೂಪಾಯಿ ಇಳಿಸಿಕೊಂಡರು. ಅರ್ಧ ದುಡ್ಡು ಚೆಕ್ಕಿನಲ್ಲಿ, ಮಿಕ್ಕದ್ದು ಸ್ವೀಟ್ ಬಾಕ್ಸಿನಲ್ಲಿ. ಈಗ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವರೇ ‘ಈ ದೇಶ ಉದ್ಧಾರ ಆಗಲ್ಲ’ ಅಂತ ಬರೆಯೋದು. ನಲ್ಲಿ ಬುಸ್ ಅಂದ ದಿನ ಜಾಸ್ತಿ ಬರೆಯುತ್ತಾರೆ.

ಹಾಗಾದರೆ ಟ್ಯಾಂಕರ್ ನೀರೇ ಗತಿ.

2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ಕಟ್ಟಿತು ನೋಡಿ, ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಅಂತ. ಬೆಲೆ ಏರಿಸುವ ಹಾಗಿಲ್ಲ ಅಂದ ಮೇಲೆ ನೀರು ಇಳಿಯಿತು. ಲೆಕ್ಕ ಸುಲಭ: 12,000 ಲೀಟರ್ ಬಿದ್ದರೆ ನಾನು 20 ಸೆಂಟಿಮೀಟರ್ ಏರಬೇಕು. ಏರುತ್ತಿದ್ದದ್ದು 14. ಉಳಿದ ಆರು ಎಲ್ಲಿ ಹೋಯಿತೋ ಟ್ಯಾಂಕರಿನವನಿಗೆ ಗೊತ್ತು, 604ನೇ ಮನೆಯ ಖಜಾಂಚಿಗೆ ಗೊತ್ತು.

ಯಾರೂ ಕೇಳಲಿಲ್ಲವೇ?

212ರ ಮೇಡಂ ಕೇಳಿದರು. ಗಣಿತ ಓದಿದವರು. ಜಲ ಸಮಿತಿ ಅಂತ ಕಟ್ಟಿ, ರಾತ್ರಿ ಹನ್ನೊಂದಕ್ಕೆ ಲಾರಿ ಬಂದರೂ ನೈಟಿಯ ಮೇಲೆ ಸ್ವೆಟರ್ ಹಾಕಿಕೊಂಡು ಅಳತೆ ಕೋಲಿನ ಜೊತೆ ಹಾಜರು. ಮೊದಲ ವಾರ ಕೋಲು 14 ಅಂದಿತು, ಪುಸ್ತಕದಲ್ಲೂ 14. ಖಜಾಂಚಿ ಬೆವರಿದರು. ಆಮೇಲೆ ‘ಒಬ್ಬರೇ ಯಾಕೆ ಕಷ್ಟ ಪಡುತ್ತೀರಿ’ ಅಂತ ಟಾರ್ಚ್ ಹಿಡಿಯಲು ತಾವೇ ಬಂದರು. ಆ ವಾರ ಪುಸ್ತಕದಲ್ಲಿ 16. ಮಲ್ಲೇಶ್ವರದಿಂದ ಕಾಯಿಹೋಳಿಗೆ ತಂದ ರಾತ್ರಿ 18. ಇಬ್ಬರೂ ನನ್ನ ಮುಚ್ಚಳದ ಮೇಲೆ ಕೂತು ಹೋಳಿಗೆ ಮುರಿದು ತಿಂದರಲ್ಲ, ಅವತ್ತು 20 ಮುಟ್ಟಿತು. ನನ್ನೊಳಗೆ ಮಾತ್ರ 14ರ ಮೇಲೆ ಕೂದಲೆಳೆಯಷ್ಟೂ ಏರಲಿಲ್ಲ.

ಅವರಿಗೂ ಪಾಲು ಇತ್ತೆನ್ನಿ.

ಒಂದು ಬಿಡಿಗಾಸೂ ಇಲ್ಲ! ನನಗೆ ಸಂಕಟ ಅದೇ. ಲಂಚ ತಿಂದಿದ್ದರೆ ಆಡಿಟರ್ ಹಿಡಿಯುತ್ತಿದ್ದರು. ಹೋಳಿಗೆಗೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಲಂ ಎಲ್ಲಿದೆ?

ಈ ಪ್ರೇಮ ಅಕ್ರಮವಲ್ಲವೇ?

ಅವರು ಗಂಡ ಸತ್ತವರು, ಇವರು ಡೈವೋರ್ಸ್ ಆದವರು. ಅಕ್ರಮ ಏನು ಬಂತು? ಅಕ್ರಮವೇ ಅನ್ನಿ, ಮೂರು ಗಂಟು ಹಾಕಿದರೆ ಸಕ್ರಮ. ಮೇಲಿನ ಎರಡು ಮಹಡಿಗೆ ಆ ಭಾಗ್ಯವೂ ಇಲ್ಲ; ಸರ್ಕಾರದ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತಲ್ಲ.

ಮದುವೆ ಆಯಿತೇ?

ಇಲ್ಲೇ, ಕ್ಲಬ್‌ಹೌಸಿನಲ್ಲಿ. ಟ್ಯಾಂಕರ್ ಮಾಲೀಕ ಬೆಳ್ಳಿ ಚೊಂಬು ಉಡುಗೊರೆ ಕೊಟ್ಟ. ನಿವಾಸಿಗಳಿಗೆ ಆಗಲೇ ಕೊಟ್ಟಾಗಿತ್ತು. ಅವತ್ತು ಒಂದೇ ದಿನ ಲಾರಿ ಪೂರ್ತಿ 20 ಸೆಂಟಿಮೀಟರ್ ಸುರಿಯಿತು. ಊಟಕ್ಕೆ ಬಂದವರು ಕೈ ತೊಳೆಯಬೇಕಲ್ಲ.

ವಾರ್ಷಿಕ ಮಹಾಸಭೆಯಲ್ಲಿ ಗಲಾಟೆ ಆಯಿತಂತೆ?

ಮೂರು ಗಂಟೆ ಹೊತ್ತು. ಮೊದಲ ಎರಡು ಗಂಟೆ, ಅವರಿಬ್ಬರು ಬೇಸ್‌ಮೆಂಟಿನಲ್ಲಿ ಅಷ್ಟು ಹತ್ತಿರ ಕೂತದ್ದು ಸಂಸ್ಕಾರವೇ ಅನ್ನುವುದರ ಮೇಲೆ. ಲೆಕ್ಕವನ್ನೇ ನೋಡದವರು ಸಿಸಿಟಿವಿ ದೃಶ್ಯ ಮಾತ್ರ ನಾಲ್ಕು ಸಲ ಹಾಕಿಸಿ ನೋಡಿದರು. ನೀರಿನ ವಿಷಯ ಬರುವ ಹೊತ್ತಿಗೆ ಬಜ್ಜಿ ಬಂತು.

ದಂಪತಿ ಈಗ?

ರಾಜೀನಾಮೆ ಕೊಟ್ಟು ವಿಲ್ಲಾಕ್ಕೆ ಹೋದರು. ಸ್ವಂತ ಬೋರ್‌ವೆಲ್ ಇದೆಯಂತೆ.

ಹೊಸ ಖಜಾಂಚಿ ಯಾರು?

ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವರು, ಒಂಬತ್ತನೇ ಮಹಡಿಯವರು. ಬಹಳ ಶಿಸ್ತು. ಬಂದ ಮೊದಲ ದಿನವೇ ಹಳೇ ಕೋಲು ಎಸೆದು ಸ್ಟೀಲಿನದು ತಂದರು. ಗೆರೆಗಳು ಮಾತ್ರ ಸ್ವಲ್ಪ ಒತ್ತೊತ್ತಾಗಿವೆ. ಮೊನ್ನೆ ನನ್ನ 14ಕ್ಕೆ ಅದು 21 ತೋರಿಸಿತು.